ಹದಿಮೂರು ತಿಂಗಳ ಪಟ್ಟಿ

ಕಡೂರಿನ ಯಾವ ಮೆಡಿಕಲ್ ಶಾಪಿನಲ್ಲಿ ಮೊಬೈಲ್ ನಂಬರ್ ಕೇಳಿದರೂ ಚಂದ್ರಕುಮಾರ್ ತನಗೆ ಫೋನೇ ಇಲ್ಲ ಎನ್ನುತ್ತಿದ್ದ. ಫೋನು ಅಂಗಿಯ ಜೇಬಿನಲ್ಲಿ ಎದ್ದು ಕಾಣುತ್ತಿರುತ್ತಿತ್ತು, ಅಂಗಡಿಯವರಿಗೂ ರೂಢಿಯಾಗಿತ್ತು. ಖಾಸಗಿ ಐಟಿಐಯೊಂದರಲ್ಲಿ ಬೋಧಕನಾದ ಅವನು, ಮನೆಯವರ ಫೋಟೊ, ಕಾಗದಪತ್ರಗಳನ್ನು ಯಾವ ಕಂಪನಿಯ ಕೈಗೂ ಕೊಡದೆ, ಪರದೆ ಒಡೆದ ಹಳೆಯ ಲ್ಯಾಪ್‌ಟಾಪೊಂದನ್ನು ಸರ್ವರ್ ಮಾಡಿ ನಡುಮನೆಯ ಸಜ್ಜದ ಮೇಲೆ ಇಟ್ಟಿದ್ದ. ದಾಳ ಉರುಳಿಸಿ, ಬಿದ್ದ ಸಂಖ್ಯೆಗೆ ತಕ್ಕಂತೆ ಪದಗಳ ಪಟ್ಟಿಯೊಂದರಿಂದ ಆರು ಪದ ಆರಿಸಿ ಪಾಸ್‌ವರ್ಡ್ ಮಾಡುತ್ತಿದ್ದ. ಹೆಂಡತಿ ಹೇಮಾವತಿಗೂ ತಂಗಿ ಮಾಯಾಳಿಗೂ ಹಾಗೇ ಮಾಡಿಸಿದ್ದ. ಮಾಯಾ ವಿಚ್ಛೇದನದ ನಂತರ ಎರಡು ವರ್ಷದಿಂದ ಅಣ್ಣನ ಮನೆಯಲ್ಲಿದ್ದಳು. ಅಜ್ಜಂಪುರದ ಹೈಸ್ಕೂಲಿಗೆ ದಿನಾ ಬಸ್ಸಿನಲ್ಲಿ ಹೋಗಿ ಗಣಿತ ಪಾಠ ಮಾಡಿ ಬರುತ್ತಿದ್ದಳು.

ಆ ಸರ್ವರ್‌ಗೆ ಇನ್ನೊಂದು ಕೆಲಸವಿತ್ತು. ಮನೆಯ ಫೋನುಗಳು ಯಾವ ಜಾಲತಾಣ ತೆರೆಯಬೇಕಾದರೂ ಮೊದಲು ಅದರ ವಿಳಾಸವನ್ನು ಇದನ್ನೇ ಕೇಳಬೇಕು. ಜಾಹೀರಾತಿನವರದಾದರೆ ಇದು ತಡೆಯುತ್ತಿತ್ತು. ಯಾರ ಫೋನು, ಎಷ್ಟು ಗಂಟೆಗೆ, ಯಾವ ತಾಣ ಕೇಳಿತು ಎಂಬುದು ಸಾಲುಸಾಲಾಗಿ ದಾಖಲಾಗುತ್ತಿತ್ತು. ಒಳಗೆ ಏನು ಓದಿದರೆಂದು ಗೊತ್ತಾಗುವುದಿಲ್ಲ, ತಾಣದ ಹೆಸರು ಮಾತ್ರ. ದಾಖಲೆ ನಿಲ್ಲಿಸುವುದು ಅರ್ಧ ನಿಮಿಷದ ಕೆಲಸ. ತೊಂದರೆ ಬಂದಾಗ ಬೇಕಾಗುತ್ತದೆ ಎಂದು ಬಿಟ್ಟಿದ್ದ. ಸರ್ವರ್ ಇಟ್ಟ ಹದಿಮೂರು ತಿಂಗಳಲ್ಲಿ ತೊಂದರೆ ಬಂದದ್ದು ಒಂದೇ ಸಲ. ಪಟ್ಟಿಯನ್ನು ಮಾತ್ರ ದಿನಾ ಬೆಳಗ್ಗೆ ಕಾಫಿ ಕುಡಿಯುತ್ತ, ಪೇಪರ್ ಓದಿದಂತೆ ಓದುತ್ತಿದ್ದ.

ತಿಂಗಳ ಎರಡನೆಯ ಭಾನುವಾರ ಸರ್ವರಿನ ಪ್ರತಿಯಿರುವ ಡಿಸ್ಕನ್ನು ತರೀಕೆರೆಗೆ ಒಯ್ದು ತಾಯಿ ಹುಲಿಯಮ್ಮನ ಬೀರುವಿನಲ್ಲಿ ಸೀರೆಗಳ ನಡುವೆ ಇಟ್ಟು ಬರುವುದು ಅವನ ಪದ್ಧತಿ. ಕಡೂರಿನ ಮನೆಗೆ ಬೆಂಕಿ ಬಿದ್ದರೂ ಫೋಟೊ ಉಳಿಯಬೇಕು. ಈ ಸಲ ಮೂವರೂ ಹೋದರು. ಲಿಂಗದಹಳ್ಳಿಯಿಂದ ಸೋದರಮಾವ ಗಿರಿಯಪ್ಪನೂ ಬಂದಿದ್ದ. ಮುದ್ದೆ, ಕೋಳಿಸಾರು. ಊಟದ ನಡುವೆ ಗಿರಿಯಪ್ಪ, ಹೆಂಡತಿ ತೀರಿಹೋದ ಗ್ರಾಮಲೆಕ್ಕಿಗನೊಬ್ಬನಿದ್ದಾನೆ, ಮಾತಾಡಲೇ ಎಂದು ಮಾಯಾಳನ್ನು ಕೇಳಿದ. ಸದ್ಯಕ್ಕೆ ಆ ವಿಷಯ ಬೇಡ ಎಂದಳು ಅವಳು. ಹುಲಿಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ತಾಯಿಗೆ ಸಮಾಧಾನವಾಗಲಿ ಎಂದೇ ಚಂದ್ರಕುಮಾರ್ ಬಾಯಿಬಿಟ್ಟ.

“ಬಿಡವ್ವ, ಅವಳೇನು ಸುಮ್ನೆ ಕೂತಿಲ್ಲ. ಎರಡನೇ ಮದುವೆ ವೆಬ್‌ಸೈಟಲ್ಲಿ ಗಂಡು ಅವಳೇ ನೋಡ್ಕೋತಾವ್ಳೆ.”

ಮಾಯಾಳ ಕೈ ತಟ್ಟೆಯಲ್ಲೇ ನಿಂತಿತು. “ನಿಂಗ್ಯಾರು ಹೇಳಿದ್ರು?”

ಸುಮ್ಮನೆ ಅಂದುಕೊಂಡೆ ಎಂದಿದ್ದರೆ ಮುಗಿಯುತ್ತಿತ್ತು. ಅಷ್ಟು ಸಣ್ಣ ಸುಳ್ಳೂ ಅವನಿಗೆ ಆ ಹೊತ್ತಿಗೆ ಸಿಗಲಿಲ್ಲ.

“ಇನ್ಯಾರು ಹೇಳ್ತಾರೆ, ಸಜ್ಜದ ಮ್ಯಾಲಿಟ್ಟವ್ನಲ್ಲ ಆ ಡಬ್ಬ, ಅದೇ ಹೇಳಿರ್ತದೆ,” ಎಂದು ಗಿರಿಯಪ್ಪ ತಮಾಷೆ ಮಾಡಿದ. ಚಂದ್ರಕುಮಾರ್ ತಲೆ ಎತ್ತಲಿಲ್ಲ.

ಬಸ್ಸು ಬೀರೂರು ದಾಟುವವರೆಗೆ ಮಾಯಾ ಅತ್ತಿಗೆಯ ಪಕ್ಕ ಕಿಟಕಿಗೆ ಮುಖಮಾಡಿ ಕೂತಿದ್ದಳು. ಆಮೇಲೆ ಹಿಂದಿನ ಸೀಟಿನ ಅಣ್ಣನ ಕಡೆ ತಿರುಗಿದಳು. ದನಿ ಏರಿಸಲಿಲ್ಲ.

“ಅಂಗಡಿಯೋನಿಗೆ ನಂಬರ್ ಕೊಟ್ಟೆ ಅಂತ ಹೋದ ವರ್ಷ ನಂಗೆ ಎಷ್ಟು ಬೈದಿದ್ದೆ ನೀನು. ಅವ್ನಿಗೆ ಗೊತ್ತಿದ್ದಿದ್ದು ನನ್ನ ನಂಬರ್ ಒಂದೇ ಕಣೋ.”

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಮಾಯಾ ಚಪ್ಪಲಿ ಬಿಟ್ಟವಳೇ ಪಟ್ಟಿ ತೋರಿಸು ಎಂದಳು. ಅವನು ತನ್ನ ಕಂಪ್ಯೂಟರಿನಲ್ಲಿ ಆರು ಪದಗಳನ್ನು ಒತ್ತಿದ. ಎರಡು ಸಲ ತಪ್ಪಿತು. ತೆರೆದ ಮೇಲೆ ಮೌಸು ಅವಳೇ ತೆಗೆದುಕೊಂಡಳು. ಬಸ್ಸಿನ ವೇಳೆ, ಪಠ್ಯಪುಸ್ತಕ, ಹಾಡು, ಮದುವೆಯ ತಾಣ ನಾಲ್ಕು ದಿನ ಸತತ. ಹಿಂದಕ್ಕೆ ಹೋಗುತ್ತ ಮಾರ್ಚ್‌ಗೆ ಬಂದು ನಿಂತಳು. ಮನಸ್ಸು ಕುಸಿದವರಿಗೆ ಸಲಹೆ ಕೊಡುವ ಕೇಂದ್ರವೊಂದರ ಹೆಸರು ಅಲ್ಲಿ ಹನ್ನೊಂದು ರಾತ್ರಿಗಳಲ್ಲಿ ಬಂದಿತ್ತು, ಪ್ರತಿಸಲವೂ ಹೆಚ್ಚುಕಡಿಮೆ ಎರಡು ಗಂಟೆಗೆ.

“ಇದನ್ನೂ ನೋಡಿದ್ದ್ಯಾ?”

“ನೋಡಿದ್ದೆ.”

“ಆವಾಗ್ಲೇ?”

“ಹೂಂ.”

“ಹೆಂಗಿದೀಯ ಅಂತ ಒಂದ್ಮಾತು ಕೇಳ್ಲಿಲ್ವಲ್ಲೋ.”

ಕೇಳಿದ್ದರೆ ಹೇಗೆ ಗೊತ್ತಾಯಿತೆಂದು ಹೇಳಬೇಕಾಗುತ್ತಿತ್ತು. ಅದಕ್ಕೇ ಆ ಹನ್ನೊಂದು ದಿನ ಬೆಳಗ್ಗೆಯೂ ಅವನು ಅವಳ ಎದುರು ಕೂತು ಕಾಫಿ ಕುಡಿದಿದ್ದ. ಹೊಸ ಡಿಸ್ಕಿನ ವೇಗದ ಬಗ್ಗೆ ಮಾತಾಡಿದ್ದ. ಈಗ ಎಲ್ಲ ಅಳಿಸುತ್ತೇನೆ, ದಾಖಲೆ ಇವತ್ತೇ ನಿಲ್ಲಿಸುತ್ತೇನೆ ಎಂದ. ಹೇಳುತ್ತಿದ್ದಂತೆ ಅದು ಅವನ ಕಿವಿಗೇ ಸಾಕ್ಷಿ ಅಳಿಸುವವನ ಮಾತಿನಂತೆ ಕೇಳಿಸಿತು. ಮಾಯಾ ಫೋನಿನ ವೈಫೈ ಆರಿಸಿ ಒಳಗೆ ಹೋದಳು.

ಬಾಗಿಲ ಬಳಿ ನಿಂತಿದ್ದ ಹೇಮಾವತಿ ಬಂದು ಕುರ್ಚಿ ಎಳೆದು ಕೂತಳು.

“ನಂದೂ ತೋರ್ಸ್ರಿ.”

ಪಟ್ಟಿಯಲ್ಲಿ ಮೂರು ಫೋನು, ಒಂದು ಟಿವಿ, ಎರಡು ಕಂಪ್ಯೂಟರ್. ಅವಳ ಹೆಸರು ಎಲ್ಲಿದೆ ಎಂದು ಅವನು ಹುಡುಕಬೇಕಾಗಲಿಲ್ಲ.