ಲೈನು ಹಂಚಿಕೊಂಡವರು

ಜೀಪು ಬಾಗಿಲಿಗೆ ಬಂದು ನಿಂತು ಅರ್ಧ ತಾಸಾಗಿತ್ತು. ಶಿವಕಾಂತಮ್ಮನನ್ನು ಸಂಜೆಯೊಳಗೆ ಕಲಬುರಗಿಯ ಆಸ್ಪತ್ರೆಗೆ ಸೇರಿಸಬೇಕು. ಮರುದಿನ ಎದೆಯ ಆಪರೇಷನ್. ಮುದುಕಿ ಮಾತ್ರ ಕಂಪ್ಯೂಟರಿನ ಮುಂದೆ ಪಟ್ಟು ಹಿಡಿದು ಕೂತಿದ್ದಳು.

"ರತ್ನದೀಪನ ಮಾರಿ ನೋಡದ ನಾ ಗಾಡಿ ಹತ್ತಾಂಗಿಲ್ಲ."

ಸೊಸೆ ರಮಾಬಾಯಿ ಕೂತಲ್ಲಿ ಕೂರಲಾರದೆ, ನಿಂತಲ್ಲಿ ನಿಲ್ಲಲಾರದೆ ಒದ್ದಾಡುತ್ತಿದ್ದಳು. ಗಂಡ ರತ್ನದೀಪ ಕೊಲ್ಲಿ ದೇಶಕ್ಕೆ ದುಡಿಯಲು ಹೋಗಿ ಹದಿನಾಲ್ಕು ತಿಂಗಳು. ಅಲ್ಲಿಯ ಸರ್ಕಾರದವರಿಗೆ ಅದೇನು ಹೊಟ್ಟೆಯುರಿಯೋ, ಇಂಟರ್ನೆಟ್ಟಿನಲ್ಲಿ ಮುಖ ನೋಡಿ ಮಾತಾಡುವುದನ್ನೇ ಬಂದ್ ಮಾಡಿದ್ದರು. ಇದನ್ನು ಮೊದಲೇ ಕೇಳಿ ತಿಳಿದಿದ್ದ ಅವನು, ಹೊರಡುವ ಮುನ್ನ ವಾಡಿಯ ಈ ಮನೆಯ ಕಂಪ್ಯೂಟರಿಗೆ ಒಂದು ಸಾಫ್ಟ್‌ವೇರ್ ಹಾಕಿಟ್ಟಿದ್ದ. ಅದನ್ನು ಹಾಕಿಕೊಂಡವರೆಲ್ಲ ಒಬ್ಬರ ಇಂಟರ್ನೆಟ್ ಲೈನನ್ನು ಇನ್ನೊಬ್ಬರು ಬಳಸಬಹುದು. ಅವನು ವಾಡಿಯ ಲೈನು ಹಿಡಿದೇ ಹೊರಗೆ ಬರುತ್ತಿದ್ದ, ಹಾಗಾಗಿ ಅಲ್ಲಿಯ ತಡೆ ಅವನಿಗೆ ತಟ್ಟುತ್ತಿರಲಿಲ್ಲ.

ಅವತ್ತು ಚಿತ್ರ ಬಂದದ್ದೇ ಚೌಕ ಚೌಕವಾಗಿ ಒಡೆದು ನಿಂತುಬಿಟ್ಟಿತು. ಮುಖವೋ ಗೋಡೆಯೋ ತಿಳಿಯುವಂತಿರಲಿಲ್ಲ. ಜೀಪಿನವನು ಹಾರ್ನ್ ಹೊಡೆದ. ರಮಾಬಾಯಿ ಸಾಫ್ಟ್‌ವೇರ್ ತೆರೆದು ನೋಡಿದರೆ ತಮ್ಮ ಲೈನಿನ ಮೇಲೆ ಹದಿನೇಳು ಜನ ಕೂತಿದ್ದರು. ಹೆಸರಿಲ್ಲ, ಊರಿಲ್ಲ, ಬರೀ ನಂಬರುಗಳು. ಮನೆಯ ಮಗ ಹೊಸ್ತಿಲಲ್ಲಿ ನಿಂತಿರುವಾಗ ಕಂಡವರೆಲ್ಲ ಒಳಗೆ ಕೂತು ಉಣ್ಣುತ್ತಿದ್ದಾರಲ್ಲ ಎಂದು ಅವಳಿಗೆ ಮೈ ಉರಿಯಿತು. ಹಂಚಿಕೆಯನ್ನೇ ಬಂದ್ ಮಾಡಿದಳು.

ಪರದೆ ಕಪ್ಪಾಯಿತು. ಆ ಹದಿನೇಳರಲ್ಲಿ ರತ್ನದೀಪನೂ ಒಬ್ಬ.

ಅದು ಹೊಳೆದದ್ದೇ ಅವಳು ಮತ್ತೆ ಹಂಚಿಕೆ ಶುರು ಮಾಡಿದಳು. ಮೊದಲು ಇಬ್ಬರು ಬಂದರು, ಆಮೇಲೆ ಐವರು. ಯಾವ ನಂಬರು ಗಂಡನದೋ ಅವಳಿಗೇನು ಗೊತ್ತು? ಆಗಷ್ಟೇ ಶಪಿಸಿ ಅಟ್ಟಿದವರನ್ನೇ ಈಗ ಹಾದಿ ನೋಡಿ ಬರಮಾಡಿಕೊಂಡಳು.

ಯಾರನ್ನು ಕಾಯುತ್ತಿದ್ದೀಯೆಂದು ಅತ್ತೆ ಕೇಳಿದಳು.

"ಎಲ್ಲಾರೂ ಬರ್ಲಿ ಬಿಡ್ರಿ ಅತ್ತಿ."

ಒಂಬತ್ತನೆಯವನು ಬರುತ್ತಲೇ ಚಿತ್ರ ಮೂಡಿತು, "ಯವ್ವಾ" ಎಂಬ ದನಿಯೂ ಕೇಳಿತು. ಕಣ್ಣು ಮಂಜಾಗಿದ್ದ ಶಿವಕಾಂತಮ್ಮ ಪರದೆಗೆ ಮುಖ ಹಚ್ಚಿಯೇಬಿಟ್ಟಳು. ಹಿಂದೆ ನಿಂತ ರಮಾಬಾಯಿಗೆ ಕಂಡದ್ದು ಅತ್ತೆಯ ನರೆತ ತುರುಬೊಂದೇ. ಈಚೆ ಸರಿಯಿರಿ ಎನ್ನಲು ಬಾಯಿ ಬರಲಿಲ್ಲ. ಅರ್ಧ ನಿಮಿಷವಷ್ಟೇ. ಮುದುಕಿ ಕಣ್ಣೊರೆಸಿಕೊಂಡು ಎದ್ದಾಗ ಪರದೆ ಮತ್ತೆ ಖಾಲಿಯಾಗಿತ್ತು.

ಜೀಪು ಶಹಾಬಾದ ದಾಟುವಾಗ ಶಿವಕಾಂತಮ್ಮ ಸೊಸೆಯ ಕೈ ಹಿಡಿದುಕೊಂಡಳು.

"ನೀನೂ ನೋಡಿದೆಲ್ಲ. ಭಾಳ ಸೊರಗ್ಯಾನ, ಹೌದಲ್ಲ?"

ರಮಾಬಾಯಿ ಮುಖ ಆಚೆ ತಿರುಗಿಸಿದಳು.

"ಇಲ್ರಿ ಅತ್ತಿ," ಎಂದಳು. "ಛಲೋ ಅದಾರ."