ಮುಂದಿನ ಎರಡು ಬೋಲ್ಟು

ಬೆಂಚಿನ ಕೆಳಗೆ ಮಂಡಿಯೂರಿ ಕೈಯಾಡಿಸಿದಳು. ಗ್ರೀಸಿನ ಡಬ್ಬ ಸಿಕ್ಕಿತು, ಎಣ್ಣೆ ಕುಡಿದ ಚಿಂದಿ ಸಿಕ್ಕಿತು, ಎರಡು ವರ್ಷದಿಂದ ಹುಡುಕುತ್ತಿದ್ದ ಅಡುಗೆಮನೆಯ ಚಾಕುವೂ ಸಿಕ್ಕಿತು. ಗಂಡನ ಕನ್ನಡಕ ಮಾತ್ರ ಸಿಗಲಿಲ್ಲ.

ಮನೆಯ ಹಜಾರದಲ್ಲಿ ಮಲಗಿಸಿದ್ದ ಮುಖದ ಮೇಲೆ ಕನ್ನಡಕವಿರಲಿಲ್ಲ. ಅದಿಲ್ಲದೆ ಅದು ಯಾರದೋ ಮುಖ. ಮಗಳು ಬಂದು ನೋಡುವ ಹೊತ್ತಿಗೆ ಅಪ್ಪ ಅಪ್ಪನ ಹಾಗೆ ಕಾಣಬೇಕು ಎಂಬ ಒಂದೇ ಹಟದಿಂದ, ಮನೆ ತುಂಬ ಕೂತಿದ್ದ ಜನರನ್ನು ಬಿಟ್ಟು ಅಂಗಳ ದಾಟಿ ಗ್ಯಾರೇಜಿಗೆ ಬಂದಿದ್ದಳು.

ಕಿಟಕಿಯಾಚೆ ಪಕ್ಕದ ಮನೆಯ ಟೈಲರಮ್ಮ ಯಾರಿಗೋ ಹೇಳುತ್ತಿದ್ದಳು: "ಎಂಥಾ ಮನುಷ್ಯ ಅಂತೀರಿ! ಹಿಡಿದ ಕೆಲಸ ಮುಗಿಸಿ, ಕಾರು ನೆಲಕ್ಕಿಳಿಸಿ, ಆಮೇಲೇ ಕಣ್ಣು ಮುಚ್ಚಿದ್ರು ಮೇಸ್ತ್ರಿ."

ಈ ಮಾತನ್ನು ಮೊದಲು ಹೇಳಿದವಳು ಮೇಸ್ತ್ರಿಯ ಹೆಂಡತಿಯಾದ ಅವಳೇ. ನಿನ್ನೆ ಮಧ್ಯಾಹ್ನ ಮೈದುನನಿಗೆ ಹೇಳಿದ್ದಳು. ಸಾವಿನ ಮನೆಯಲ್ಲಿ ಸಮಾಧಾನದ ಮಾತಿಗೆ ಯಾವಾಗಲೂ ಬರ. ಸಿಕ್ಕ ಆ ಒಂದು ಮಾತನ್ನೇ ಬಂದವರೆಲ್ಲ ಒಬ್ಬರಿಂದೊಬ್ಬರು ಎರವಲು ಪಡೆದು ಆಡುತ್ತಿದ್ದರು.

ಕನ್ನಡಕ ಕೊನೆಗೆ ಗೋಡೆಯ ಕಪ್ಪುಹಲಗೆಯ ಅಂಚಿನ ಮೇಲೆ, ಸೀಮೆಸುಣ್ಣದ ತುಂಡುಗಳ ನಡುವೆ ಸಿಕ್ಕಿತು. ಗಾಜಿನ ಮೇಲಿನ ಬಿಳಿ ಪುಡಿ ಒರೆಸುತ್ತ ಹಲಗೆಯ ಕಡೆ ನೋಡಿದಳು. ಒರೆಸುತ್ತಿದ್ದ ಕೈ ನಿಂತಿತು.

ಪ್ರತಿ ಕಾರಿನ ಕೆಲಸಕ್ಕೂ ಮೇಸ್ತ್ರಿ ಆ ಹಲಗೆಯ ಮೇಲೆ ಒಂದು ಉದ್ದ ಚೌಕ ಬರೆದು, ನಾಲ್ಕು ಮೂಲೆಗೆ ನಾಲ್ಕು ಚಕ್ರ ಇಡುತ್ತಿದ್ದ. ಬೋಲ್ಟನ್ನು ಬರೀ ಬೆರಳಲ್ಲಿ ತಿರುಗಿಸಿ ಕೂರಿಸಿದ್ದರೆ ಆ ಚಕ್ರದ ಪಕ್ಕ ಒಂದು ಸೊನ್ನೆ. ಸ್ಪ್ಯಾನರಿನಿಂದ ಪೂರ್ತಿ ಬಿಗಿದ ಮೇಲೆ ಸೊನ್ನೆಯ ನಡುವೆ ಅಡ್ಡಗೆರೆ. ಹಿಂದಿನ ಚಕ್ರಗಳ ಸೊನ್ನೆಗಳಿಗೆ ಗೆರೆ ಬಿದ್ದಿತ್ತು. ಮುಂದಿನ ಎರಡಕ್ಕೆ ಬಿದ್ದಿರಲಿಲ್ಲ.

ಆ ಕಾರು ಈಗ ಗ್ಯಾರೇಜಿನಲ್ಲಿ ಇರಲಿಲ್ಲ. ಆಸ್ಪತ್ರೆಯಲ್ಲಿ ನರ್ಸಾಗಿರುವ ಅಕ್ಕನನ್ನು ಕರೆತರಲು ಮಗ ಬೆಳಗ್ಗೆ ಒಂಬತ್ತಕ್ಕೆ ಅದರಲ್ಲೇ ಬೆಟ್ಟದಾಚೆಗೆ ಹೋಗಿದ್ದ. ಹೊರಡುವ ಮುಂಚೆ ಕೇಳಿದ್ದ, "ಇದರ ಕೆಲ್ಸ ಆಗಿದೆಯೇನಮ್ಮಾ?"

"ಆಗಿದೆ. ನೆಲಕ್ಕೆ ಇಳಿಸಿದ್ದಾರಲ್ಲ, ತಗೊಂಡ್ ಹೋಗು" ಎಂದು ಬೀಗದ ಕೈಯನ್ನು ಅವಳೇ ಅವನ ಅಂಗೈಯಲ್ಲಿ ಇಟ್ಟಿದ್ದಳು.

* * *

ಕಾರು ಹಲ್ಲಿನ ಡಾಕ್ಟರದ್ದು. ಎರಡೇ ಸೀಟು, ಎರಡೇ ಬಾಗಿಲು, ನೆಲ ಮೂಸುತ್ತ ಓಡುವಷ್ಟು ತಗ್ಗು. ಮೂವತ್ತು ವರ್ಷದ ಹಿಂದೆ ಅದರ ವೇಗಕ್ಕೆ ಸರಿಗಟ್ಟುವ ಕಾರುಗಳು ಹೆಚ್ಚಿರಲಿಲ್ಲ. ಈಗ ಡಾಕ್ಟರೂ ಕಾರೂ ಒಟ್ಟಿಗೆ ಮುದಿಯಾಗಿದ್ದರು. ಡಾಕ್ಟರು ಒಪ್ಪುತ್ತಿರಲಿಲ್ಲ, ಅಷ್ಟೇ.

ಮೂರು ದಿನದ ಹಿಂದೆ ಗ್ಯಾರೇಜಿಗೆ ತಂದು ನಿಲ್ಲಿಸಿದಾಗ ಮೇಸ್ತ್ರಿ ಮಾತಿಗೆ ಮೊದಲು ಮುಂದಿನ ಮೂಲೆಯ ಮೇಲೆ ಎರಡೂ ಕೈಯಿಟ್ಟು ಭಾರ ಹಾಕಿ ಒತ್ತಿ ಬಿಟ್ಟಿದ್ದ. ಕಾರು ಎದ್ದಿತು, ಕುಸಿಯಿತು, ಮತ್ತೆ ಎದ್ದಿತು, ಮತ್ತೆ ಕುಸಿಯಿತು.

"ನೋಡಿದ್ರಾ? ಒಂದ್ಸಲ ಎದ್ದು ನಿಲ್ಲಬೇಕು. ಇದು ಕುಣೀತಾ ಇದೆ. ನಾಲ್ಕೂ ಶಾಕ್ ಅಬ್ಸಾರ್ಬರು ಹೋಗಿದೆ, ಎಣ್ಣೆ ಎಲ್ಲಾ ಹೊರಗಿದೆ. ಇಷ್ಟು ದಿನ ಇದರಲ್ಲಿ ಹ್ಯಾಗೆ ತಿರುವು ತಗೊಂಡ್ರಿ ಮಾರಾಯ್ರೆ?"

"ನಿಧಾನಕ್ಕೆ" ಎಂದಿದ್ದರು ಡಾಕ್ಟರು.

"ನಿಧಾನಕ್ಕೆ ಹೋಗೋಕೆ ಈ ಕಾರು ಯಾಕೆ, ನನ್ನ ಸೈಕಲ್ಲು ಕೊಡ್ತೀನಿ."

"ನಾಳೆ ಸಂಜೆಗೆ ಆಗತ್ತಾ ಮೇಸ್ತ್ರೀ?"

"ಒಂದು ಹಲ್ಲು ಕೀಳೋಕೆ ನನ್ನನ್ನ ಮೂರು ಸಲ ಕರೆಸಿದೋರು ನೀವು. ನಾನು ನಾಲ್ಕು ಶಾಕು ಕೀಳಬೇಕು. ಮೂರು ದಿನ ಬಿಟ್ಟು ಬನ್ನಿ."

ಡಾಕ್ಟರು ನಗುತ್ತ ಹೋಗಿದ್ದರು. ಮೇಸ್ತ್ರಿಯ ಬಾಯಿ ಒರಟು, ಕೈ ಪಳಗಿದ್ದು ಎಂದು ಎಲ್ಲರಿಗೂ ಗೊತ್ತಿತ್ತು. ಅವಸರ ಮಾಡಿದವರ ಕಾರನ್ನು ಅವನು ಬೇಕೆಂದೇ ಒಂದು ದಿನ ತಡ ಮಾಡುತ್ತಿದ್ದ. ಸ್ವಂತಕ್ಕೆ ಒಂದು ಕಾರು ಕೊಳ್ಳಲಿಲ್ಲ. ದಾರಿಯಲ್ಲಿ ಕೆಟ್ಟು ನಿಂತವರು ಕರೆದರೆ ಊಟದ ತಟ್ಟೆ ಬಿಟ್ಟು ಎದ್ದು ಹೋಗುತ್ತಿದ್ದ. ಅದಕ್ಕೆ ಅವಳು ಆಡದ ಮಾತಿಲ್ಲ.

ಆ ಮೂರು ದಿನ ಅವನ ಕೆಲಸಕ್ಕೆ ದೀಪ ಹಿಡಿದವಳು ಅವಳು. ಮದುವೆಯಾದ ಹೊಸದರಲ್ಲಿ ಒಮ್ಮೆ ಹಿಡಿದದ್ದು, ಇಪ್ಪತ್ತೆಂಟು ವರ್ಷ ಕೈಯಿಂದ ಬಿಟ್ಟಿರಲಿಲ್ಲ. ಮೊದಮೊದಲು ಒಂದು ದಿನ ಕೇಳಿದ್ದಳು: "ಕಾರು ಮೇಲಿರುವಾಗಲೇ ಶಾಕಿನ ಬೋಲ್ಟು ಪೂರ್ತಿ ಬಿಗಿದುಬಿಡಿ. ಇಳಿಸಿದ ಮೇಲೆ ಮತ್ತೆ ನುಸುಳೋದ್ಯಾಕೆ?"

"ಚಕ್ರ ಗಾಳೀಲಿ ತೂಗಾಡೋವಾಗ ಬಿಗಿದ್ರೆ ಒಳಗಿನ ರಬ್ಬರು ತಿರುಚಿಕೊಂಡೇ ಉಳಿಯತ್ತೆ ಕಣೇ. ನಾಲ್ಕು ದಿನಕ್ಕೆ ಹರಿಯತ್ತೆ. ಕಾರು ನೆಲದ ಮೇಲೆ ನಿಂತು ತನ್ನ ಭಾರ ತಾನು ಹೊತ್ತಾಗಲೇ ಬಿಗೀಬೇಕು."

ಇದು ಅವಳಿಗೆ ಗೊತ್ತಿತ್ತು. ಈ ಊರಿನಲ್ಲಿ ಬೇರೆ ಯಾರಿಗೆ ಗೊತ್ತಿಲ್ಲದಿದ್ದರೂ ಅವಳಿಗೆ ಗೊತ್ತಿತ್ತು. ನೆಲಕ್ಕಿಳಿದ ಕಾರು ಎಂದರೆ ಮುಗಿದ ಕಾರಲ್ಲ ಎಂಬುದನ್ನು ಇಂದು ಬೆಳಗ್ಗೆ ಅವಳು ಮರೆತಳು.

* * *

"ಅವನಿಗೆ ಫೋನ್ ಮಾಡು" ಎಂದಳು, ಅಂಗಳದಲ್ಲಿ ಕುರ್ಚಿ ಜೋಡಿಸುತ್ತಿದ್ದ ಮೈದುನನಿಗೆ. ಅವನು ಬಸ್ಸು ಓಡಿಸುವವನು, ಅಣ್ಣನಷ್ಟೇ ಎತ್ತರ, ಅಣ್ಣನಿಗಿಂತ ಮೆತ್ತಗೆ.

"ಯಾರಿಗೆ ಅತ್ತಿಗೆ?"

"ಮಗನಿಗೆ. ಎಲ್ಲಿದ್ದಾನೋ ಅಲ್ಲೇ ನಿಲ್ಸು ಅನ್ನು. ಮುಂದಿನ ಬೋಲ್ಟು ಎರಡೂ ಬಿಗಿದಿಲ್ಲ. ಬರೀ ಬೆರಳಲ್ಲಿ ತಿರುಗಿಸಿಟ್ಟಿರೋದು."

ಮೈದುನ ಕುರ್ಚಿ ಅಲ್ಲೇ ಕೆಳಗೆ ಹಾಕಿ ನಂಬರು ಒತ್ತಿದ. ಫೋನು ರಿಂಗಾದದ್ದು ಹಜಾರದೊಳಗೆ, ಹೆಣದ ತಲೆಯ ಹತ್ತಿರದ ಕಪಾಟಿನ ಮೇಲೆ. ಮಗ ಅದನ್ನು ಚಾರ್ಜಿಗೆ ಹಾಕಿ ಮರೆತು ಹೋಗಿದ್ದ. ಮಗಳ ಫೋನು ಬೆಟ್ಟದ ದಾರಿಯಲ್ಲೆಲ್ಲೋ ಸಿಗ್ನಲ್ಲಿಗೆ ಸಿಗದೆ ಮಲಗಿತ್ತು.

ಹಲ್ಲಿನ ಡಾಕ್ಟರು ಎದ್ದು ಬಂದರು. "ಬೆರಳಲ್ಲಿ ಬಿಗಿದಿದ್ರೆ ಏನಾಗತ್ತಮ್ಮಾ? ಸ್ವಲ್ಪ ಸದ್ದು ಬರಬಹುದು, ಅಷ್ಟೇ ತಾನೆ?"

"ನೇರ ರಸ್ತೇಲಿ ಏನೂ ಆಗಲ್ಲ ಡಾಕ್ಟ್ರೇ. ಕುಲುಕಿ ಕುಲುಕಿ ನಟ್ಟು ಬಿಚ್ಚಿಕೊಳ್ಳತ್ತೆ. ಇಳಿಜಾರಲ್ಲಿ ಬ್ರೇಕು ಒತ್ತಿ ತಿರುಗಿಸಿದಾಗ ಬೋಲ್ಟು ಕಳಚಿದ್ರೆ..."

"ಅಯ್ಯೋ, ತಗೊಂಡ್ ಹೋಗ್ಲಿ ಅಂತ ನಾನೇ ಅಂದ್ನಲ್ಲಮ್ಮಾ."

"ಬೀಗದ ಕೈ ಕೊಟ್ಟಿದ್ದು ನಾನು."

ಬೆಟ್ಟ ಇಳಿಯಲು ಎರಡು ದಾರಿ. ನೆರೆಯ ಇಬ್ಬರು ಒಂದೊಂದು ದಾರಿ ಹಿಡಿದು ಬೈಕಿನಲ್ಲಿ ಹೊರಟರು. ಉಳಿದವರು ಕೂತರು. ಕೂತವರಲ್ಲಿ ಈಗ ಯಾರೂ ಮೇಸ್ತ್ರಿಯ ಗುಣಗಾನ ಮಾಡುತ್ತಿರಲಿಲ್ಲ. ಟೈಲರಮ್ಮ ಅವಳ ಕೈಯಿಂದ ಕನ್ನಡಕ ತೆಗೆದುಕೊಂಡು ಹೋಗಿ ಹೆಣದ ಮುಖಕ್ಕೆ ಹಾಕಿದಳು. ಅದು ಮತ್ತೆ ಮೇಸ್ತ್ರಿಯ ಮುಖವಾಯಿತು, ಬೈಯಲು ಸಿದ್ಧವಾಗಿರುವಂಥದ್ದು. ಅವಳಿಗೆ ಆ ಕಡೆ ನೋಡುವ ಧೈರ್ಯ ಬರಲಿಲ್ಲ.

ಹನ್ನೆರಡಾಯಿತು. ಹನ್ನೆರಡೂವರೆಯಾಯಿತು. ಶವದ ವ್ಯಾನಿನ ಚಾಲಕ ಬಂದು ಮೈದುನನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ, "ಸ್ಮಶಾನದಲ್ಲಿ ನಾಲ್ಕಕ್ಕೆ ನಿಮ್ಮ ಸರದಿ. ತಪ್ಪಿದ್ರೆ ನಾಳೆಗೇ ಸಾರ್" ಎಂದ. ಅವಳು ಗೇಟಿನ ಕಂಬ ಹಿಡಿದು ನಿಂತಿದ್ದಳು. ಗಂಡ ಸತ್ತ ದುಃಖ ಎಲ್ಲಿ ಹೋಯಿತೆಂದು ಅವಳಿಗೇ ತಿಳಿಯಲಿಲ್ಲ. ಮೂರು ಹೆಣ ಎಂಬ ಲೆಕ್ಕವೊಂದು ತಲೆಯೊಳಗೆ ಬಂದು ಕೂತಿತ್ತು, ಎಷ್ಟು ಓಡಿಸಿದರೂ ಹೋಗುತ್ತಿರಲಿಲ್ಲ.

* * *

ನಿನ್ನೆ ಹನ್ನೊಂದರ ಹೊತ್ತಿಗೆ ಮೇಸ್ತ್ರಿ ಕಾರನ್ನು ಸ್ಟ್ಯಾಂಡಿನಿಂದ ಇಳಿಸಿದ್ದ. ಇಬ್ಬರೂ ಸೇರಿ ಅದನ್ನು ಹಿಂದಕ್ಕೂ ಮುಂದಕ್ಕೂ ತಳ್ಳಿ ಚಕ್ರಗಳನ್ನು ನೆಲಕ್ಕೆ ಒಗ್ಗಿಸಿದ್ದರು. ಅವನು ಹಿಂದಿನಿಂದ ಶುರು ಮಾಡಿದ. ಒಂದಾಯಿತು, ಎರಡಾಯಿತು. ಎದ್ದು ಹೋಗಿ ಹಲಗೆಯ ಮೇಲೆ ಗೆರೆ ಎಳೆದು ಬಂದ.

"ಯಾಕೋ ಎದೆ ಭಾರ. ಸ್ವಲ್ಪ ಕಾಫಿ ಕೊಡ್ತೀಯಾ?"

"ಇನ್ನೆರಡು ತಾನೆ, ಮುಗಿಸಿಬಿಡಿ" ಎಂದಿದ್ದಳು.

"ಕಾಫಿ ಅಂದ್ನಲ್ಲೇ."

ದೀಪ ಅವನ ಪಕ್ಕ ನೆಲದ ಮೇಲಿಟ್ಟು ಹೋಗಿದ್ದಳು. ಲೋಟ ಹಿಡಿದು ಬರುವಾಗ ಅವನು ಮುಂದಿನ ಚಕ್ರಕ್ಕೆ ಬೆನ್ನು ಕೊಟ್ಟು ಕಾಲು ಚಾಚಿ ಕೂತಿದ್ದ. ಕೆಲಸ ಮುಗಿದಾಗಲೆಲ್ಲ ಅವನು ಕೂರುವುದೇ ಹಾಗೆ. "ಆಯ್ತಾ?" ಎಂದಳು. ಉತ್ತರ ಬರಲಿಲ್ಲ. ಕಾಫಿ ಆರುವ ತನಕ ಅವಳು ಎದುರಿಗೆ ಕೂತೇ ಇದ್ದಳು, ಕೂಗಲೂ ಇಲ್ಲ. ಮೈದುನ ಬಂದಾಗ ಅವಳ ಬಾಯಿಂದ ಬಂದ ಮೊದಲ ಮಾತು, "ಕೆಲ್ಸ ಮುಗಿಸೇ ಹೋದ್ರು" ಎಂದು. ಹಾಗೆ ಕೂತ ಮನುಷ್ಯನನ್ನು ನೋಡಿ ಬೇರೇನು ಅನ್ನುವುದು?

* * *

ಒಂದೂ ಕಾಲಿಗೆ ಮೈದುನನ ಫೋನಿಗೆ ಗುರುತಿಲ್ಲದ ನಂಬರಿನಿಂದ ಕರೆ ಬಂತು. ಅವಳು ಕಸಿದುಕೊಂಡಳು.

"ಅಮ್ಮಾ, ನಾನು."

"ತಮ್ಮ ಎಲ್ಲಿ?"

"ಇಲ್ಲೇ ಇದಾನೆ. ಹಣೆಗೆ ಪೆಟ್ಟಾಗಿದೆ, ಕಟ್ಟಿದೀನಿ. ಹೊಲಿಗೆ ಬೇಕಾಗಲ್ಲ. ಬೆಟ್ಟದ ಇಳಿಜಾರಿನ ತಿರುವಲ್ಲಿ ಕಾರು ಎಳ್ಕೊಂಡು ಹೋಗಿ ತಡೆಗೋಡೆಗೆ ಉಜ್ಜಿ ನಿಂತಿದೆ. ಮುಂದೆ ಎಡಗಡೆ ಕುಸಿದು ಕೂತಿದೆ. ಲಾರಿಯವರ ಫೋನಿದು." ಮಗಳ ದನಿ ಗಟ್ಟಿಯಾಗಿಯೇ ಇತ್ತು; ದಿನಾ ಇಂಥದ್ದು ನೋಡುವವಳು. "ಅಮ್ಮಾ, ಅವನು ಅಳೋದು ನಿಲ್ಲಿಸ್ತಾ ಇಲ್ಲ. ನಾನೇ ಜೋರಾಗಿ ಓಡ್ಸಿದೆ, ನಂದೇ ತಪ್ಪು ಅಂತಿದಾನೆ. ಇರಬಹುದು, ಅಪ್ಪ ಮಾಡಿದ ಕೆಲಸ ಹೀಗಾಗಕ್ಕೆ ಸಾಧ್ಯಾನೇ ಇಲ್ಲ. ನಮಗೆ ಕಾಯಬೇಡಿ. ನಾಲ್ಕಕ್ಕೆ ಅಪ್ಪನ್ನ ಕಳಿಸಿಕೊಡಿ."

ಬದುಕಿದ್ದಾರೆ ಎಂಬುದು ಅವಳ ಮೈಗೆಲ್ಲ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಉಳಿದ ಮಾತುಗಳು ಒಂದೊಂದಾಗಿ ಇಳಿದವು.

"ಅಲ್ಲೇ ಇರಿ" ಎಂದು ಫೋನು ಮೈದುನನಿಗೆ ಕೊಟ್ಟು ಗ್ಯಾರೇಜಿಗೆ ಹೋದಳು. ಜಾಕು, ಹೊಸ ಬೋಲ್ಟಿನ ಡಬ್ಬ, ಮೇಸ್ತ್ರಿಯ ಉದ್ದನೆಯ ಸ್ಪ್ಯಾನರು ಎತ್ತಿಕೊಂಡು ಬಂದು ಶವದ ವ್ಯಾನಿನ ಬಾಗಿಲಲ್ಲಿಟ್ಟಳು.

"ಅವರನ್ನ ಒಳಗೆ ಮಲಗಿಸಿ. ಬೆಟ್ಟಕ್ಕೆ ಹೋಗೋಣ."

"ಅತ್ತಿಗೆ, ತಲೆ ಕೆಟ್ಟಿದೆಯಾ ನಿಮಗೆ? ಹೆಣ ಹಾಕ್ಕೊಂಡು ರಿಪೇರಿಗೆ ಹೋಗೋದಾ? ನಾನು ಹೋಗಿ ಮಕ್ಕಳನ್ನ ಕರ್ಕೊಂಡು ಬರ್ತೀನಿ."

"ಹೋಗಿ ಬರೋದ್ರಲ್ಲಿ ನಾಲ್ಕಾಗತ್ತೆ. ಅವಳು ಅಪ್ಪನ ಮುಖ ನೋಡಲ್ವಾ? ಜೀವಮಾನವೆಲ್ಲಾ ದಾರೀಲಿ ಕೆಟ್ಟು ನಿಂತ ಯಾರ್ಯಾರದೋ ಹತ್ರ ಓಡಿದ್ದಾರೆ. ಇವತ್ತು ಸ್ವಂತ ಮಕ್ಕಳ ಹತ್ರ ಹೋಗ್ಲಿ." ಜಾಕನ್ನು ವ್ಯಾನಿನೊಳಗೆ ತಳ್ಳಿದಳು. "ನಾಲ್ಕು ತಪ್ಪಿದ್ರೆ ತಪ್ಪಲಿ. ಏಳಪ್ಪಾ."

ಮೈದುನ ಡಾಕ್ಟರ ಮುಖ ನೋಡಿದ. ಡಾಕ್ಟರು ಆಗಲೇ ಹೋಗಿ ವ್ಯಾನಿನ ಸ್ಟ್ರೆಚರಿನ ಒಂದು ತುದಿ ಹಿಡಿದಿದ್ದರು.

* * *

ಕಾರು ತಡೆಗೋಡೆಗೆ ಒರಗಿ, ಮೊಣಕಾಲೂರಿದಂತೆ ನಿಂತಿತ್ತು. ಗೋಡೆಯಾಚೆ ನೆಲವೇ ಇರಲಿಲ್ಲ, ಬಹಳ ಕೆಳಗೆ ಮರಗಳ ತುದಿಗಳು ಕಾಣುತ್ತಿದ್ದವು. ಹಿಂದೆ ಒಂದು ಲಾರಿ, ಅದರ ಹಿಂದೆ ಮತ್ತೊಂದು, ಪಕ್ಕದಲ್ಲಿ ಹುಡುಕಿ ಹೊರಟಿದ್ದ ನೆರೆಯವನ ಬೈಕು. ಮಗ ರಸ್ತೆಯಂಚಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ವ್ಯಾನು ನಿಂತದ್ದನ್ನು ನೋಡಿ ಮಗಳು ಓಡಿಬಂದಳು, ಏನನ್ನೂ ಕೇಳದೆ ಒಳಗೆ ಹತ್ತಿ ಅಪ್ಪನ ಎದೆಯ ಮೇಲೆ ತಲೆಯಿಟ್ಟಳು. ಫೋನಿನಲ್ಲಿ ಗಟ್ಟಿಯಾಗಿದ್ದ ದನಿ ಅಲ್ಲಿ ಮುರಿದು ಬಿತ್ತು.

ಅವಳು ಮಗನ ಎದುರಿಗೆ ಹೋಗಿ ಕೂತಳು.

"ಜೋರಾಗಿ ಬಂದೆ ಅಮ್ಮಾ. ಲೇಟಾಗತ್ತೆ ಅಂತ..."

"ಇಲ್ಲ ಕಣೋ. ನೀನಲ್ಲ. ಅಪ್ಪನೂ ಅಲ್ಲ. ಅವರು ಹಲಗೆ ಮೇಲೆ ಬರೆದಿಟ್ಟೇ ಹೋಗಿದ್ರು. ನಾನು ನೋಡ್ಲಿಲ್ಲ. ಆಗಿದೆ ಅಂತ ಸುಳ್ಳು ಹೇಳಿ ನಿನ್ನನ್ನ ಕಳಿಸಿದೆ."

ಮಗ ಅವಳ ಮುಖವನ್ನೇ ನೋಡಿದ. ಏನಾದರೂ ಅಂದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನಿಸಿತು.

"ಹತ್ತಿ, ಹೋಗೋಣ" ಎಂದ ಮೈದುನ. "ಕಾರನ್ನ ನಾಳೆ ಯಾರಾದ್ರೂ ಎಳ್ಕೊಂಡು ಬರ್ತಾರೆ."

"ಎರಡೇ ಬೋಲ್ಟು" ಎಂದಳು.

ಲಾರಿಯವರೂ ಮೈದುನನೂ ಸೇರಿ ಕಾರನ್ನು ಗೋಡೆಯಿಂದ ಬಿಡಿಸಿ ಜಾಕು ಕೊಟ್ಟು ಎತ್ತಿದರು. ಅವಳು ಕಳಚಿ ನೇತಾಡುತ್ತಿದ್ದ ಶಾಕನ್ನು ಅದರ ಜಾಗಕ್ಕೆ ತಂದು ಹೊಸ ಬೋಲ್ಟು ತೂರಿಸಿ, ನಟ್ಟನ್ನು ಬೆರಳಲ್ಲಿ ತಿರುಗಿಸಿದಳು. "ಇಳಿಸಿ" ಎಂದಳು. ಕಾರು ನೆಲದ ಮೇಲೆ ನಿಂತು ತನ್ನ ಭಾರ ಹೊತ್ತ ಮೇಲೆ ಸ್ಪ್ಯಾನರು ಹಿಡಿದು ಡಾಂಬರಿನ ಮೇಲೆ ಅಂಗಾತ ಮಲಗಿ ತಲೆ ತೂರಿಸಿದಳು.

ಸಾಕಷ್ಟು ಬಿಗಿಯಾದ ಕೂಡಲೇ ಆ ಸ್ಪ್ಯಾನರು ಟಿಕ್ ಎನ್ನುತ್ತದೆ. ಎಡಗಡೆಯದು ಟಿಕ್ ಎಂದಿತು. ತೆವಳಿಕೊಂಡು ಬಲಕ್ಕೆ ಹೋದಳು. ಅದೂ ಟಿಕ್ ಎಂದಿತು.

"ಆಯ್ತಲ್ಲ ಅತ್ತಿಗೆ, ಬನ್ನಿ" ಎಂದ ಮೈದುನ.

ಕೆಳಗಿನಿಂದ ಮತ್ತೆ ಟಿಕ್ ಎಂದಿತು.

ಮಗಳು ವ್ಯಾನಿನಿಂದ ಇಳಿದು ಬಂದಳು. "ಅಮ್ಮಾ, ಬಿಗಿಯಾಗಿದೆ. ಸಾಕು."

ಟಿಕ್.

ಮಗ ಎದ್ದು ಬಂದು ಅಕ್ಕನ ಪಕ್ಕ ನಿಂತ. ಶವದ ವ್ಯಾನಿನ ಚಾಲಕ ಗಡಿಯಾರ ನೋಡಿ, ಎಂಜಿನ್ ಆರಿಸಿದ. ಕಾರಿನ ಕೆಳಗಿನಿಂದ ಅವಳ ಎರಡು ಪಾದಗಳು ರಸ್ತೆಗೆ ಚಾಚಿದ್ದವು, ಹಿಮ್ಮಡಿಗಳು ಡಾಂಬರಿಗೆ ಊರಿಕೊಂಡಿದ್ದವು. ಒಂದೊಂದು ಸಲ ಟಿಕ್ ಎಂದಾಗಲೂ ಅವು ನಡುಗುತ್ತಿದ್ದವು, ಮತ್ತೆ ಊರಿಕೊಳ್ಳುತ್ತಿದ್ದವು.