ಅರಮನೆಯ ಗೋಡೆಯಲ್ಲಿ ಕೇಳಿದ ದನಿ

ಸೋಫಾ ಹೊಲಿಯುವವನಿಗೆ ರಜೆ ಎನ್ನುವುದೇ ಇರಲಿಲ್ಲ. ಮಗಳೇ ಹಟ ಹಿಡಿದು ಅಪ್ಪ-ಅಮ್ಮ ಇಬ್ಬರಿಗೂ ಒಂದು ದಿನದ ಟೂರಿಗೆ ಟಿಕೆಟ್ ತೆಗೆಸಿದಳು. ಹಗಲು ಹಳೇ ಅರಮನೆ, ಕಲ್ಲಿನ ಕೊಳ. ಸಂಜೆ ಅರಮನೆಯ ಅಂಗಳದಲ್ಲೇ ಬೆಳಕು-ಧ್ವನಿ ಪ್ರದರ್ಶನ. ಹೆಂಡತಿ ಟಿಕೆಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಮದುವೆಗೆ ಮುಂಚೆ ನಾನು ಅಲ್ಲೇ ಕೆಲಸಕ್ಕಿದ್ದೆ, ನೆನಪಿದೆಯಾ?" ಎಂದಳು. ಟೂರಿಸ್ಟ್ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದಳು ಎನ್ನುವಷ್ಟು ಅವನಿಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚಿಗೆ ಅವನು ಕೇಳಿರಲಿಲ್ಲ.

ಬಸ್ಸಿಳಿದು ಹೆಬ್ಬಾಗಿಲ ಹತ್ತಿರ ಬಂದಾಗ, ಕೊಡೆ ಹಿಡಿದು ಕಾಯುತ್ತಿದ್ದ ಗೈಡು ಅವಳನ್ನು ಕಂಡು ಕಣ್ಣರಳಿಸಿದ. ಒಪ್ಪವಾಗಿ ಕತ್ತರಿಸಿದ ನರೆಗಡ್ಡ, ನೆಟ್ಟಗಿನ ಬೆನ್ನು, ಗರಿಗರಿ ಅಂಗಿ.

"ಅರೆರೆ, ರಾಣಿಯವರು! ಎಷ್ಟು ವರ್ಷ ಆಯ್ತು ನಿಮ್ಮ ದರ್ಶನ ಆಗಿ!"

ಅವಳು ಕಿಲಕಿಲ ನಕ್ಕಳು. ಆ ನಗುವನ್ನು ಮನೆಯಲ್ಲಿ ಕೇಳಿ ಯಾವ ಕಾಲವಾಗಿತ್ತೋ! ಗಂಡನ ಹೊಟ್ಟೆಯೊಳಗೆ ಸಣ್ಣಗೆ ಕಿಚ್ಚು ಹತ್ತಿಕೊಂಡಿತು.

"ಯಾರೇ ಅದು?"

"ಹಳೇ ಪರಿಚಯ ಕಣ್ರಿ. ಆಗ ಆಫೀಸಿಗೆ ಬರ್ತಿದ್ರು."

"ರಾಣಿ ಅಂತಾರೆ?"

"ತಮಾಷೆಗೆ. ಎಲ್ಲರೂ ಹಾಗೇ ಕರೀತಿದ್ರು."

ಎಲ್ಲರೂ! ಒಬ್ಬನೇ ಆಗಿದ್ದರೂ ವಾಸಿಯಿತ್ತು.

ಆಮೇಲೆ ಅರಮನೆ ಯಾರು ಕಟ್ಟಿಸಿದರು, ಯಾರು ಕೆಡವಿದರು, ಒಂದೂ ಅವನ ತಲೆಗೆ ಹೋಗಲಿಲ್ಲ. ಮುರಿದ ಮೆಟ್ಟಿಲ ಹತ್ತಿರ ಗೈಡು ಕೈ ಚಾಚಿದ. ಅವಳು ಹಿಡಿದುಕೊಂಡು ಹತ್ತಿದಳು. ಗಂಡ ಎಂದಿನಂತೆ ಆಗಲೇ ಮುಂದೆ ಹೋಗಿಬಿಟ್ಟಿದ್ದ, ಮೇಲೆ ನಿಂತು ನೋಡಬೇಕಾಯಿತು. ಕೊಳದ ದಂಡೆಯಲ್ಲಿ ಬಿಸಿಲು ಚುರುಗುಟ್ಟುವಾಗ ಗೈಡಿನ ಕೊಡೆ ತಾನಾಗಿಯೇ ಅವಳ ಕಡೆ ವಾಲಿತು. ಮಧ್ಯಾಹ್ನ ಊಟಕ್ಕೂ ಆ ಮನುಷ್ಯ ಅವರ ಮೇಜಿಗೇ ಬಂದು, ಫೋನು ತೆಗೆದು ಮೊಮ್ಮಗಳ ಫೋಟೋ ತೋರಿಸಿದ. ಮಳ್ಳ, ಎಂದುಕೊಂಡ ಸೋಫಾದವನು.

"ಯಾಕ್ರೀ, ಊಟ ಹಾಗೇ ಬಿಟ್ರಿ?"

"ಹಸಿವಿಲ್ಲ."

ಹಸಿವು ಕರುಳು ಕಿತ್ತು ತಿನ್ನುತ್ತಿತ್ತು. ಆದರೂ ಆ ಮನುಷ್ಯನ ಎದುರಿಗೆ ಒಂದು ತುತ್ತೂ ಎತ್ತಲು ಅವನ ಹಟ ಬಿಡಲಿಲ್ಲ.

ಕತ್ತಲಾಗುತ್ತಿದ್ದಂತೆ ಅಂಗಳದ ಪ್ಲಾಸ್ಟಿಕ್ ಕುರ್ಚಿಗಳು ತುಂಬಿದವು. ದೀಪಗಳು ಆರಿ, ಮುರುಕು ಗೋಡೆಯ ಮೇಲೆ ಕೆಂಪು ಬೆಳಕು ಹರಡಿತು. ಸ್ಪೀಕರಿನಲ್ಲಿ ಕುದುರೆ ಕೆನೆಯಿತು. ರಾಜ ಯುದ್ಧಕ್ಕೆ ಹೊರಟಿದ್ದಾನೆ. ರಾಣಿ ಅವನನ್ನು ಬೀಳ್ಕೊಡಬೇಕು. ಆಗ ಆ ದನಿ ಕೇಳಿಸಿತು.

"ಹೋಗಬೇಡಿ ಎನ್ನಲಾರೆ, ದೊರೆಯೇ. ಹೊರಡುವ ಮುನ್ನ ಒಮ್ಮೆ ನನ್ನ ಹೆಸರು ಹಿಡಿದು ಕರೆಯಿರಿ. ನೀವು ಬರುವ ತನಕ ಈ ಕಿವಿಗಳಿಗೆ ಅಷ್ಟು ಸಾಕು."

"ಗ್ಯಾಸ್ ಆಫ್ ಮಾಡಿದ್ರಾ?", "ಬರ್ತಾ ಸೋಪು ತನ್ನಿ" ಎಂದು ದಿನಾ ಕೂಗುವ ದನಿ ಅದು. ಎಳೆಯದಾಗಿತ್ತು, ತುಂಬಿಕೊಂಡಿತ್ತು, ಆದರೂ ಅದೇ. ಪಕ್ಕಕ್ಕೆ ತಿರುಗಿದ. ಮಾತಿನ ಜೊತೆಗೆ ಹೆಂಡತಿಯ ತುಟಿಗಳೂ ಅಲುಗುತ್ತಿದ್ದವು. ಮುಂದಿನ ಸಾಲಿನಲ್ಲಿ ಯಾರೋ ಹೆಂಗಸು ಕಣ್ಣೊರೆಸಿಕೊಂಡಳು.

"ಮರಳಿ ಬರುತ್ತೇನೆ, ರಾಣಿ," ಎಂದಿತು ಒಂದು ಗಂಭೀರ ಗಂಡುದನಿ.

ಗೈಡು ಅವನ ಮನಸ್ಸಿನಿಂದ ಆ ಕ್ಷಣವೇ ಬಿದ್ದುಹೋದ. ಈಗ ಹೊಟ್ಟೆ ಉರಿದದ್ದು ಈ ರಾಜನ ಮೇಲೆ.

ಪ್ರದರ್ಶನ ಮುಗಿದು ಜನ ಎದ್ದರೂ ಅವನು ಏಳಲಿಲ್ಲ.

"ಅದು ನೀನೇ ಅಲ್ವೇನೇ?"

"ನಾನೇ. ರೆಕಾರ್ಡಿಂಗ್ ದಿನ ನಟಿಗೆ ಗಂಟಲು ಕಟ್ಟಿತ್ತು. ಟೈಪಿಸ್ಟು ಚೆನ್ನಾಗಿ ಓದ್ತಾಳೆ ಅಂತ ನನ್ನನ್ನ ಕೂರಿಸಿದ್ರು. ಇನ್ನೂ ಅದನ್ನೇ ಹಾಕ್ತಾರೋ ಇಲ್ವೋ ಅಂತ ನನಗೂ ಗೊತ್ತಿರ್ಲಿಲ್ಲ."

"ನನಗ್ಯಾಕೆ ಹೇಳ್ಲಿಲ್ಲ?"

"ಮದುವೆಯಾದ ಹೊಸದ್ರಲ್ಲಿ ಒಂದ್ಸಲ ಬಾಯಿ ತೆಗೆದೆ. ಗಿರಾಕಿ ಬಂದ್ರು, ಆಮೇಲೆ ಹೇಳು ಅಂದ್ರಿ."

ಅವನಿಗೆ ಏನೂ ನೆನಪಿಗೆ ಬರಲಿಲ್ಲ. "ಆ ರಾಜ ಯಾರು?"

ಅವಳಿಗೆ ನಗು ತಡೆಯಲಾಗಲಿಲ್ಲ. "ಅವರ ಮುಖಾನೇ ನೋಡಿಲ್ಲ ಕಣ್ರಿ. ಅವರ ಮಾತು ಬೇರೆ ದಿನ ಆಯ್ತು. ನಾನು ಗೋಡೆ ನೋಡ್ಕೊಂಡು ಓದಿದ್ದು."

ಅವನಿಗೆ ಹಾಯೆನಿಸಬೇಕಿತ್ತು. ಅದರ ಬದಲು ಎದೆಯಲ್ಲಿ ಇನ್ನೂ ಆಳಕ್ಕೆ ಏನೋ ಚುಚ್ಚಿತು.

"ಗೋಡೆ ಹತ್ರ ಅಷ್ಟು ಪ್ರೀತಿಯಿಂದ ಮಾತಾಡಿದ್ಯಾ? ನನ್ನ ಹತ್ರ ಒಂದಿನಾನೂ ಹಾಗೆ ಮಾತಾಡ್ಲಿಲ್ಲ."

ಅವಳ ನಗು ನಿಂತಿತು. ಚೀಲವನ್ನು ಹೆಗಲಿಗೇರಿಸಿಕೊಂಡು ಹೇಳಿದಳು: "ಗೋಡೆ ಸುಮ್ನೆ ನಿಂತು ಕೇಳಿಸ್ಕೊಳ್ತು."

ಬಸ್ಸು ಹಾರನ್ ಹೊಡೆಯಿತು. ಈ ಸಲ ಅವನು ಮುಂದೆ ನಡೆಯಲಿಲ್ಲ. ಇಬ್ಬರೂ ಪಕ್ಕಪಕ್ಕದಲ್ಲಿ ಕೂತರು. ಬಸ್ಸು ದೊಡ್ಡ ರಸ್ತೆ ಹಿಡಿದ ಮೇಲೆ ಅವನೇ ಕೇಳಿದ: "ಆ ಆಫೀಸು ಹೇಗಿತ್ತು?"

ಅವಳು ಅನುಮಾನದಿಂದ ಅವನ ಮುಖ ನೋಡಿದಳು. ಆಮೇಲೆ ಹೇಳಲು ಶುರುಮಾಡಿದಳು. ಕೀಲಿಗಳು ಅಂಟಿಕೊಳ್ಳುತ್ತಿದ್ದ ಟೈಪ್‌ರೈಟರು, ಸೋರುವ ಚಾವಣಿ, ಫೋನು ಎತ್ತಲು ಹೆದರುತ್ತಿದ್ದ ಮ್ಯಾನೇಜರು. ಹೇಳುತ್ತ ಹೇಳುತ್ತ ಅವಳ ದನಿ ಬಿಚ್ಚಿಕೊಂಡಿತು.

"ಪಕ್ಕದ ಟೇಬಲ್ಲಿನ ಗುಮಾಸ್ತರು ಇದ್ರಲ್ಲ, ನನ್ನ ದನಿ ಕೇಳೋಕೆ ಅಂತಲೇ ಬೇಕೂಂತ ಕಾಗದ ಓದಿಸ್ತಿದ್ರು."

ಅವನ ಕಿವಿ ನೆಟ್ಟಗಾಯಿತು. ಯಾರವನು, ಹೇಗಿದ್ದ, ಮದುವೆಯಾಗಿತ್ತಾ ಎಂಬ ಪ್ರಶ್ನೆಗಳೆಲ್ಲ ಒಟ್ಟೊಟ್ಟಿಗೆ ನಾಲಿಗೆಗೆ ಬಂದವು. ಕಷ್ಟಪಟ್ಟು ನುಂಗಿಕೊಂಡ.

"ಹ್ಞೂ," ಎಂದ. "ಹೇಳು, ಮುಂದೇನಾಯ್ತು?"